ತಾರೀನ್ ಹಸು ಸಾಕುವುದು ಹೇಗೆ: ಕರು ಹಾಕುವ ತಿಂಗಳಿಂದ ಶುರು ಮಾಡಿ

ಫ್ರಾನ್ಸಿನ ಸವೋಯ್ ಬೆಟ್ಟಗಳಲ್ಲಿ ತಾರೀನ್ ಹಸು ಸಾಕಬೇಕು ಅಂತ ಆಸೆಪಡುವವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಲೀಟರ್ ಹಾಲು ಕೊಡುತ್ತದೆ ಅಂತ. ಆ ಪ್ರಶ್ನೆ ಸದ್ಯಕ್ಕೆ ಪಕ್ಕಕ್ಕಿರಲಿ. ಯಾವ ತಿಂಗಳಲ್ಲಿ ಕರು ಹಾಕಿಸಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಮೇವು, ಹಾಲು, ಬೆಟ್ಟ ಹತ್ತಿಸುವುದು, ಮಾಂಸಕ್ಕೆ ಮಾರುವುದು, ಎಲ್ಲವೂ ಆ ಒಂದು ತೀರ್ಮಾನದ ಹಿಂದೆ ಬರುತ್ತವೆ.

ತಳಿಯ ಪೂರ್ತಿ ಹೆಸರು ತಾರಾಂತೇಜ್. ಇಜೇರ್ ನದಿಯ ಮೇಲ್ಭಾಗದ ಕಣಿವೆಯ ಹೆಸರು ಅದು. ರೈತರು ಮಾತ್ರ ತಾರೀನ್ ಅಂತಲೇ ಕರೆಯುತ್ತಾರೆ. ಇದರ ವಂಶಾವಳಿ ಪುಸ್ತಕ ಶುರುವಾಗಿದ್ದು 1888ರಲ್ಲಿ. ಮೈಬಣ್ಣ ಒಂದೇ ಥರದ ಕಂದು ಹಳದಿ, ಹೋರಿಗಳದ್ದು ಇನ್ನೂ ಗಾಢ. ಕಣ್ಣಿನ ಅಂಚು, ಮೂಗು, ಗೊರಸು, ಕೋಡಿನ ತುದಿ ಎಲ್ಲ ಕಪ್ಪು. ಹಸು ಸುಮಾರು 500ರಿಂದ 600 ಕೆ.ಜಿ. ತೂಗುತ್ತದೆ, ಅಂದರೆ ಬಯಲಿನ ದೊಡ್ಡ ಹಾಲಿನ ತಳಿಗಳಿಗಿಂತ ಸಣ್ಣದು. ಈ ಸಣ್ಣತನವೇ ಇದರ ಬಲ. ಕಡಿದಾದ ಇಳಿಜಾರಿನಲ್ಲಿ ಭಾರವಾದ ಹಸು ಮೇಯುವುದಕ್ಕಿಂತ ನಿಂತುಕೊಳ್ಳುವುದಕ್ಕೇ ಜಾಸ್ತಿ ಕಷ್ಟಪಡುತ್ತದೆ, ತುಳಿದ ಕಡೆ ಮಣ್ಣೂ ಕಿತ್ತು ಬರುತ್ತದೆ.

ಲೀಟರ್ ಲೆಕ್ಕ ಯಾಕೆ ಕೊನೆಗೆ

ಇಲ್ಲಿನ ಹಾಲು ಹೆಚ್ಚಾಗಿ ಹೋಗುವುದು ಬೋಫೋರ್ ಚೀಸ್‌ಗೆ. 1968ರಿಂದ ಅದಕ್ಕೆ ಮೂಲಸ್ಥಾನದ ಕಾನೂನು ರಕ್ಷಣೆ ಇದೆ. ಬೋಫೋರ್ತಾನ್, ತಾರಾಂತೇಜ್, ಮೋರಿಯೆನ್ ಕಣಿವೆಗಳು ಮತ್ತು ವಾಲ್ ದಾರ್ಲಿಯ ಒಂದು ಭಾಗ, ಇಷ್ಟೇ ಅದರ ಜಾಗ. ಆ ಚೀಸ್‌ಗೆ ಎರಡೇ ತಳಿಗಳ ಹಾಲು ಆಗುತ್ತದೆ, ತಾರೀನ್ ಮತ್ತು ಅಬೊಂದಾನ್ಸ್. ಹಿಂಡಿನ ಸರಾಸರಿ ಲೆಕ್ಕದಲ್ಲಿ ಒಂದು ಹಸುವಿಗೆ ವರ್ಷಕ್ಕೆ 5000 ಕೆ.ಜಿ. ಹಾಲು ಮೀರುವಂತಿಲ್ಲ. ರಸಮೇವು, ಅಂದರೆ ಹಸಿ ಹುಲ್ಲನ್ನು ಗಾಳಿಯಾಡದಂತೆ ಒತ್ತಿ ಹುಳಿಸಿದ ಸೈಲೇಜ್, ಪೂರ್ತಿ ನಿಷೇಧ.

ಹೊಸಬರಿಗೆ ಇದು ಕೈ ಕಟ್ಟಿದ ಹಾಗೆ ಕಾಣಬಹುದು. ನನಗೆ ಮಾತ್ರ ಇದು ಹಸುವಿನ ಪರವಾಗಿ ಬರೆದ ನಿಯಮ ಅನ್ನಿಸುತ್ತದೆ. ಮಿತಿ ಇರುವುದರಿಂದ ಹಿಂಡಿ ಸುರಿದು ಹಾಲು ಏರಿಸುವ ಪೈಪೋಟಿಯೇ ಹುಟ್ಟುವುದಿಲ್ಲ. ಹಸು ಹುಲ್ಲಿನ ಮೇಲೆ ಬದುಕುತ್ತದೆ, ಇಳಿಜಾರು ಮೇಯುವ ತಳಿ ಉಳಿಯುತ್ತದೆ. ಸಾಮಾನ್ಯ ಡೇರಿ ಹಾಲಿಗಿಂತ ಬೋಫೋರ್ ಹಾಲಿಗೆ ಸಿಗುವ ಬೆಲೆಯೂ ಚೆನ್ನಾಗಿ ಜಾಸ್ತಿ. ಹಾಗಾಗಿ ಲೀಟರ್ ಕಡಿಮೆಯಾದರೂ ಲೆಕ್ಕ ಕೂಡುತ್ತದೆ.

ರಸಮೇವು ಯಾಕೆ ಬೇಡ ಅಂದರೆ, ಅದರಲ್ಲಿ ಬರುವ ಬ್ಯುಟಿರಿಕ್ ಬ್ಯಾಕ್ಟೀರಿಯಾದ ಬೀಜಾಣುಗಳು ಸಗಣಿಯ ಮೂಲಕ ಕೆಚ್ಚಲಿಗೂ ಅಲ್ಲಿಂದ ಹಾಲಿಗೂ ಸೇರುತ್ತವೆ. ಚೀಸ್ ತಿಂಗಳುಗಟ್ಟಲೆ ಮಾಗುತ್ತಿರುವಾಗ ಒಳಗೆ ಅನಿಲ ಕಟ್ಟಿ ಗಾಲಿ, ಅಂದರೆ ಚಕ್ರದ ಆಕಾರದ ಚೀಸ್ ಗಟ್ಟಿ, ಉಬ್ಬಿ ಬಿರಿಯುತ್ತದೆ. ಒಂದು ಗಾಲಿ 20ರಿಂದ 70 ಕೆ.ಜಿ. ತನಕ ಇರುತ್ತದೆ. 40 ಕೆ.ಜಿ.ಯ ಗಾಲಿಗೆ ಸುಮಾರು 400 ಲೀಟರ್ ಹಾಲು ಬೇಕು. ಒಬ್ಬರ ಕೊಟ್ಟಿಗೆಯ ಕೊಳಕು ಎಲ್ಲರ ಹಾಲು ಸೇರಿದ ತೊಟ್ಟಿಯನ್ನೇ ಕೆಡಿಸಬಹುದು. ಆದ್ದರಿಂದ ಮಣ್ಣು ಸೇರಿದ, ಮುಗ್ಗಲು ಹಿಡಿದ ಒಣಹುಲ್ಲನ್ನೂ ಹಾಲು ಕೊಡುವ ಹಸುವಿನ ಮುಂದೆ ಹಾಕಬೇಡಿ.

ನವೆಂಬರ್, ಡಿಸೆಂಬರ್‌ನಲ್ಲಿ ಕರು

ಈಗ ಮುಖ್ಯ ವಿಷಯ. ಚಳಿಗಾಲದ ಬಾಗಿಲಲ್ಲಿ, ನವೆಂಬರ್ ಡಿಸೆಂಬರ್ ಹೊತ್ತಿಗೆ ಕರು ಹಾಕಿಸಿ. ಕಾರಣ ಹೇಳುತ್ತೇನೆ. ಕರು ಹಾಕಿದ ಮೊದಲ ಎರಡು ಮೂರು ತಿಂಗಳು ಹಾಲು ಶಿಖರದಲ್ಲಿರುತ್ತದೆ, ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತದೆ. ಆ ಹೊತ್ತಿನಲ್ಲಿ ಅದು ಕೊಟ್ಟಿಗೆಯಲ್ಲಿ, ನಿಮ್ಮ ಕಣ್ಣೆದುರಿಗೆ, ಒಳ್ಳೆಯ ಒಣಹುಲ್ಲಿನ ಮುಂದೆ ಇರಬೇಕು. ಜೂನ್‌ನಲ್ಲಿ ಬೆಟ್ಟ ಹತ್ತುವಾಗ ಕರು ಹಾಕಿ ಆರೇಳು ತಿಂಗಳಾಗಿರುತ್ತದೆ, ಗಬ್ಬವೂ ನಿಂತಿರುತ್ತದೆ, ಹಾಲು ಇಳಿಮುಖವಾಗಿರುತ್ತದೆ. ಆಗ ಬೆಟ್ಟದ ಹೊಸ ಹುಲ್ಲು ಬಾಯಿಗೆ ಬಿದ್ದರೆ ಹಾಲು ಮತ್ತೆ ಚಿಗುರುತ್ತದೆ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇಳಿದು ಬರುವ ಹೊತ್ತಿಗೆ ಹಾಲು ಬತ್ತಿಸುವ ಕಾಲ. ವರ್ಷದ ಚಕ್ರ ಸರಿಯಾಗಿ ಕೂತುಬಿಡುತ್ತದೆ.

ಇದನ್ನೇ ಉಲ್ಟಾ ಮಾಡಿ ನೋಡಿ. ಮೇ ತಿಂಗಳಲ್ಲಿ ಕರು ಹಾಕಿದ ಹಸು, ತುಂಬಿದ ಕೆಚ್ಚಲು ಹೊತ್ತು, 2000 ಮೀಟರ್ ಎತ್ತರದಲ್ಲಿ ದಿನವಿಡೀ ನಡೆದು ಮೇಯಬೇಕು. ಅದರ ಮೈ ಇಳಿದುಹೋಗುತ್ತದೆ, ಮತ್ತೆ ಬೆದೆಗೆ ಬರುವುದು ತಡವಾಗುತ್ತದೆ, ಮುಂದಿನ ವರ್ಷದ ಕರುವೂ ಹಿಂದೆ ಸರಿಯುತ್ತದೆ. ಒಂದು ಸಲ ತಪ್ಪಿದ ಲೆಕ್ಕವನ್ನು ಸರಿಗೆ ತರಲು ಎರಡು ಮೂರು ವರ್ಷ ಬೇಕಾಗುತ್ತದೆ.

ಹಸು ಗಬ್ಬದಲ್ಲಿರುವುದು ಸುಮಾರು 285 ದಿನ. ಹಾಗಾದರೆ ಜನವರಿ ಕೊನೆಯಿಂದ ಮಾರ್ಚ್ ಶುರುವಿನೊಳಗೆ ಗಬ್ಬ ಕಟ್ಟಿಸಬೇಕು, ಅಂದರೆ ಹಸುಗಳು ಕೊಟ್ಟಿಗೆಯಲ್ಲಿ ಕಟ್ಟಿಹಾಕಿಕೊಂಡಿರುವ ಕಾಲದಲ್ಲೇ. ಕಟ್ಟಿದ ಹಸುವಿನ ಬೆದೆ ಕಣ್ಣಿಗೆ ಬೀಳುವುದು ಕಷ್ಟ. ಬೆಳಗ್ಗೆ ಬೇಗ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ, ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ ಸುಮ್ನೆ ನಿಂತು ನೋಡಿ. ಲೋಳೆ, ಚಡಪಡಿಕೆ, ಕೂಗು, ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಇವನ್ನು ಬರೆದಿಡಿ. 21 ದಿನಕ್ಕೆ ಮತ್ತೆ ನೋಡಿ. ಹವಾಮಾನ ಚೆನ್ನಾಗಿದ್ದ ದಿನ ಹೊರಗೆ ಅಂಗಳಕ್ಕೆ ಬಿಟ್ಟರೆ ಒಂದರ ಮೇಲೊಂದು ಹತ್ತುವುದು ಕಾಣುತ್ತದೆ, ಕಾಲಿಗೂ ಒಳ್ಳೆಯದು.

ಇಲ್ಲಿನ ಅನೇಕ ರೈತರು ಚಳಿಗಾಲದಲ್ಲಿ ಸ್ಕೀ ಮೈದಾನಗಳಲ್ಲೂ ದುಡಿಯುತ್ತಾರೆ. ನೀವೂ ಹಾಗೆ ಮಾಡುವವರಾದರೆ ಕ್ರಿಸ್‌ಮಸ್ ಗಡಿಬಿಡಿಗೆ ಮುಂಚೆಯೇ ಹೆಚ್ಚಿನ ಹಸುಗಳು ಕರು ಹಾಕಿರುವ ಹಾಗೆ ನೋಡಿಕೊಳ್ಳಿ. ತಾರೀನ್ ಸಾಮಾನ್ಯವಾಗಿ ಸುಲಭವಾಗಿ ಕರು ಹಾಕುತ್ತದೆ. ಹಾಗಂತ ರಾತ್ರಿ ಯಾರೂ ನೋಡದೆ ಬಿಡುವುದು ಸರಿಯಲ್ಲ, ಅಲ್ವಾ? ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಮೊದಲ ಎರಡು ಮೂರು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣುಹಾಲು ಮೊದಲ ಅರ್ಧ ದಿನದಲ್ಲಿ ಹೊಟ್ಟೆಗೆ ಹೋಗಿರಬೇಕು.

ಯಾವ ಹಸು ಕೊಳ್ಳಬೇಕು

ಕಾಲು ನೋಡಿ, ಆಮೇಲೆ ಕೆಚ್ಚಲು, ಆಮೇಲೆ ಹಾಲಿನ ದಾಖಲೆ. ಹಿಂಗಾಲು ಕಂಬದ ಹಾಗೆ ನೆಟ್ಟಗಿರಬಾರದು, ತೀರಾ ಬಾಗಿಯೂ ಇರಬಾರದು. ಇಳಿಜಾರು ಇಳಿಯುವಾಗ ಭಾರ ತಡೆಯುವುದು ಆ ಕೀಲೇ. ಗೊರಸು ಕಪ್ಪಗೆ, ಗಟ್ಟಿಯಾಗಿ, ಬೆರಳು ಕೂಡಿಕೊಂಡಿರಲಿ. ಕೆಚ್ಚಲು ಹೊಟ್ಟೆಗೆ ಹತ್ತಿಕೊಂಡು ಮೇಲಿರಲಿ. ಜೋಲುವ ಕೆಚ್ಚಲು ಕಲ್ಲಿಗೆ, ಪೊದೆಗೆ ತಾಗಿ ಗಾಯವಾಗುತ್ತದೆ, ಅಲ್ಲಿಂದ ಕೆಚ್ಚಲು ಬಾವು. ಕಣ್ಣಿನ ಸುತ್ತಲಿನ ಕಪ್ಪು ಅಂಚು ಪೂರ್ತಿ ಇದೆಯಾ ಅಂತಲೂ ನೋಡಿ. ಎತ್ತರದ ಸುಡುಬಿಸಿಲಿನಲ್ಲಿ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಶುರುವಿಗೆ ಕಡಸುಗಳನ್ನೇ ತುಂಬಿಕೊಳ್ಳಬೇಡಿ. ಎರಡು ಮೂರು ಬೇಸಿಗೆ ಬೆಟ್ಟದಲ್ಲಿ ಕಳೆದ ಹಸುಗಳು ಹಿಂಡಿನಲ್ಲಿ ಇರಲೇಬೇಕು. ದಾರಿ ಅವಕ್ಕೆ ಗೊತ್ತು, ನೀರಿನ ಜಾಗ ಗೊತ್ತು, ಮೋಡ ಕವಿದರೆ ಎಲ್ಲಿ ಹೋಗಿ ನಿಲ್ಲಬೇಕು ಅನ್ನುವುದೂ ಗೊತ್ತು. ಕಡಸುಗಳು ಅವನ್ನು ನೋಡಿ ಕಲಿಯುತ್ತವೆ. ಈ ತಳಿ ನಿಧಾನವಾಗಿ ಬೆಳೆಯುತ್ತದೆ, ಮೊದಲ ಕರು ಮೂರು ವರ್ಷದ ಹತ್ತಿರಕ್ಕೆ ಬರುವುದೇ ವಾಡಿಕೆ. ಅವಸರ ಮಾಡಬೇಡಿ. ಚೆನ್ನಾಗಿ ನೋಡಿಕೊಂಡರೆ ತುಂಬಾ ವರ್ಷ ಬಾಳುವ ಹಸು ಇದು, ಶುರುವಿನಲ್ಲಿ ಕಾದದ್ದಕ್ಕೆ ನಷ್ಟವಿಲ್ಲ.

ಎರಡೂ ಕಿವಿಯಲ್ಲಿ ಗುರುತಿನ ಓಲೆ, ಜೊತೆಗೆ ಪಾಸ್‌ಪೋರ್ಟ್ ಅನ್ನುವ ಹಸುವಿನ ಗುರುತು ಪತ್ರ, ಇವಿಲ್ಲದ ಹಸುವನ್ನು ಮುಟ್ಟಲೇಬೇಡಿ. ಲಸಿಕೆಯ ದಾಖಲೆಯನ್ನೂ ಕೇಳಿ. 2025ರ ಜೂನ್ ಕೊನೆಯಲ್ಲಿ ಫ್ರಾನ್ಸಿನ ಮೊದಲ ಚರ್ಮಗಂಟು ರೋಗ ಪತ್ತೆಯಾಗಿದ್ದು ಇದೇ ಸವೋಯ್‌ನಲ್ಲಿ. ರೋಗ ಕಂಡ ಹಿಂಡುಗಳನ್ನು ಪೂರ್ತಿ ಕೊಂದರು, ಸುತ್ತಲಿನ ವಲಯದಲ್ಲಿ ಲಸಿಕೆ ಕಡ್ಡಾಯವಾಯಿತು, ಹಸುಗಳ ಓಡಾಟಕ್ಕೆ ತಡೆ ಬಿತ್ತು. ತಲೆಮಾರುಗಳಿಂದ ಕಟ್ಟಿದ ಹಿಂಡು ಒಂದೇ ದಿನದಲ್ಲಿ ಇಲ್ಲವಾಗುವ ನೋವು ಸಣ್ಣದಲ್ಲ. ಕೊಳ್ಳುವ ಮುಂಚೆ, ಬೆಟ್ಟಕ್ಕೆ ಹೊರಡುವ ಮುಂಚೆ, ಆ ಹೊತ್ತಿನ ನಿಯಮ ಏನು ಅಂತ ಪಶುವೈದ್ಯರ ಹತ್ತಿರ ಕೇಳಿಯೇ ಹೊರಡಿ.

ಒಣಹುಲ್ಲಿನ ಲೆಕ್ಕ

ಒಂದು ಹಸುವಿಗೆ ದಿನಕ್ಕೆ ಸುಮಾರು 14 ಕೆ.ಜಿ. ಒಣಹುಲ್ಲು ಹಿಡಿಯಿರಿ. ಕೊಟ್ಟಿಗೆಯ ಕಾಲ 200 ದಿನ ಅಂದುಕೊಂಡರೆ 2.8 ಟನ್ ಆಯಿತು. ಸುಗ್ಗಿ ಕೆಟ್ಟ ವರ್ಷಕ್ಕೆ ಅಂತ ಸ್ವಲ್ಪ ಮೇಲೆ ಸೇರಿಸಿ ಮೂರು ಟನ್ ಇಟ್ಟುಕೊಳ್ಳಿ. ಮೇವಿನ ಬಹುಪಾಲು ಬೋಫೋರ್ ವಲಯದೊಳಗೇ ಬೆಳೆದದ್ದಾಗಿರಬೇಕು. ಹಾಗಾಗಿ ಕಣಿವೆಯ ತಳದ ಹುಲ್ಲುಗಾವಲಿಗೆ ಇಲ್ಲಿ ಅಷ್ಟು ಬೆಲೆ. ಮನೆ, ರಸ್ತೆ, ಹೋಟೆಲ್ ಎಲ್ಲವೂ ಅದೇ ಸಮತಟ್ಟು ನೆಲದ ಮೇಲೆ ಕಣ್ಣಿಟ್ಟಿರುತ್ತವೆ. ಹಸು ಕೊಳ್ಳುವ ಮುಂಚೆ ಹುಲ್ಲು ಕೊಯ್ಯುವ ನೆಲವನ್ನು ಗಟ್ಟಿಮಾಡಿಕೊಳ್ಳಿ.

ಮೊದಲ ಕೊಯ್ಲಿನ ಹುಲ್ಲಿನಲ್ಲಿ ನಾರು ಜಾಸ್ತಿ, ಅದು ಬತ್ತಿದ ಹಸುಗಳಿಗೂ ಕಡಸುಗಳಿಗೂ ಸಾಕು. ಎರಡನೇ ಕೊಯ್ಲಿನದು ಮೆತ್ತಗೆ, ಎಲೆ ತುಂಬಿರುತ್ತದೆ. ಅದನ್ನು ಕರು ಹಾಕಿದ ಹಸುಗಳಿಗೆ ಅಂತ ಬೇರೆ ಇಡಿ. ಎರಡನ್ನೂ ಒಂದೇ ರಾಶಿಗೆ ಹಾಕಿದರೆ ಜನವರಿಯಲ್ಲಿ ಪಶ್ಚಾತ್ತಾಪ ಪಡುತ್ತೀರಿ.

ಬೆಟ್ಟಕ್ಕೆ ಮುಂಚಿನ ಆರು ವಾರ

ಏಪ್ರಿಲ್ ಕೊನೆ, ಮೇ ಶುರುವಿನಲ್ಲಿ ಹಳ್ಳಿಯ ಹತ್ತಿರ ಹುಲ್ಲು ಏಳುತ್ತದೆ. ಹೊಟ್ಟೆ ಹೊಸ ಮೇವಿಗೆ ಒಗ್ಗಲು ಎರಡು ಮೂರು ವಾರ ಬೇಕು. ಮೊದಲ ದಿನಗಳಲ್ಲಿ ಬೆಳಗ್ಗೆ ಒಣಹುಲ್ಲು ತಿನ್ನಿಸಿ, ಆಮೇಲೆ ಒಂದೆರಡು ಗಂಟೆ ಮಾತ್ರ ಹೊರಗೆ ಬಿಡಿ. ಹಸಿದ ಹಸುವನ್ನು ಎಳೆ ಹುಲ್ಲಿಗೆ, ಅದರಲ್ಲೂ ಕ್ಲೋವರ್ ತುಂಬಿದ ಜಾಗಕ್ಕೆ ಬಿಟ್ಟರೆ ಹೊಟ್ಟೆ ಉಬ್ಬುತ್ತದೆ. ಎಳೆ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆ, ಹಾಗಾಗಿ ನಡುಕ, ತೂರಾಟ, ಸೆಳೆತ ಬಂದು ಕೆಲವೇ ಗಂಟೆಯಲ್ಲಿ ಹಸು ಸಾಯಬಹುದು. ಖನಿಜ ಮಿಶ್ರಣ ಮುಂಚಿನಿಂದಲೇ ಕೊಡುತ್ತಿರಿ. ನಡುಕ ಕಂಡ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ.

ಗೊರಸು ಕತ್ತರಿಸುವುದಿದ್ದರೆ ಬೆಟ್ಟ ಹತ್ತುವ ಒಂದು ತಿಂಗಳ ಮುಂಚೆಯೇ ಮುಗಿಸಿ. ಹಿಂದಿನ ವಾರ ಕತ್ತರಿಸಿ ಕಲ್ಲು ದಾರಿಗೆ ಇಳಿಸಿದರೆ ತೆಳುವಾದ ಅಂಗಾಲು ನೊಂದು ಅರ್ಧ ಹಿಂಡು ಕುಂಟುತ್ತದೆ. ಚಳಿಗಾಲವಿಡೀ ನಿಂತಲ್ಲೇ ನಿಂತ ಹಸುಗಳನ್ನು ದಿನಾ ಸ್ವಲ್ಪ ದೂರ ನಡೆಸಿ.

ಮೇ, ಜೂನ್‌ನಲ್ಲಿ ನಡು ಎತ್ತರದ ಹುಲ್ಲುಗಾವಲಿಗೆ ಹೋಗುವುದು ಇಲ್ಲಿನ ಪದ್ಧತಿ. ಆ ಜಾಗವನ್ನು ಮೊಂತಾನ್ಯೆತ್ ಅನ್ನುತ್ತಾರೆ. ಅಲ್ಲಿಂದ ಜೂನ್ ನಡುವಿನ ಹೊತ್ತಿಗೆ ಮೇಲಿನ ಅಲ್ಪಾಜ್‌ಗೆ, ಅಂದರೆ ಬೇಸಿಗೆಯ ಬೆಟ್ಟಕ್ಕೆ. ಸಣ್ಣ ಹಿಂಡಿನವರು ತಮ್ಮ ಹಸುಗಳನ್ನು ದೊಡ್ಡ ಅಲ್ಪಾಜ್ ನಡೆಸುವವರಿಗೆ ಒಪ್ಪಿಸುವುದೂ ಹಳೆಯ ವಾಡಿಕೆ, ಹಾಗೆ ಸಿಕ್ಕ ಸಮಯದಲ್ಲಿ ಕೆಳಗೆ ಹುಲ್ಲು ಕೊಯ್ದು ಒಣಗಿಸುತ್ತಾರೆ. ನಾಲ್ಕಾರು ಮನೆಗಳ ಹಸುಗಳು ಸೇರಿದಾಗ ಮೊದಲ ದಿನಗಳಲ್ಲಿ ಯಾರು ಮೇಲು ಅಂತ ಕೋಡು ತಾಗಿಸಿ ಕಾದಾಡುತ್ತವೆ. ವಿಶಾಲವಾದ, ಪ್ರಪಾತ ಇಲ್ಲದ ಜಾಗದಲ್ಲಿ ಬಿಡಿ. ಎರಡು ಮೂರು ದಿನಕ್ಕೆ ತಣ್ಣಗಾಗುತ್ತವೆ.

ಅಲ್ಪಾಜ್‌ನಲ್ಲಿ ಮೇಯಿಸುವ ಬಗೆ

ಹುಲ್ಲಿನ ಹಿಂದೆ ಹಸು ಹತ್ತಬೇಕು. ಎತ್ತರ ಏರಿದಂತೆ ಹುಲ್ಲು ತಡವಾಗಿ ಚಿಗುರುತ್ತದೆ. 1500 ಮೀಟರಿನಲ್ಲಿ ಕದಿರು ಬಿಡುವ ಹೊತ್ತಿಗೆ 2000ದಲ್ಲಿ ಎಳೆ ಹುಲ್ಲು, 2300ರಲ್ಲಿ ಹಿಮ ಕರಗಿದ ಗುರುತು. ಈ ಅಂತರವನ್ನೇ ಹಿಡಿದು ಹಂತ ಹಂತವಾಗಿ ಮೇಲೆ ಹೋಗಿ, ಆಗಸ್ಟ್ ಕೊನೆಯಿಂದ ಮತ್ತೆ ಚಿಗುರಿದ ಹುಲ್ಲು ಮೇಯುತ್ತಾ ಅದೇ ದಾರಿಯಲ್ಲಿ ಇಳಿಯಿರಿ. ಬಾಯಿ ಚಪಲಕ್ಕೆ ಹಸು ಸುತ್ತಾಡಿ ಆಯ್ದು ತಿನ್ನಲು ಬಿಟ್ಟರೆ ಅರ್ಧ ಹುಲ್ಲು ತುಳಿತಕ್ಕೆ ಹೋಗುತ್ತದೆ, ಉಳಿದದ್ದು ಒರಟಾಗುತ್ತದೆ. ವಿದ್ಯುತ್ ತಂತಿಯಿಂದ ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ, ಹಾಲು ಕರೆದ ಮೇಲೆ ಪ್ರತಿ ಸಲ ಹೊಸ ಪಟ್ಟಿ ತೆರೆಯಿರಿ.

ಹಾಲು ಕರೆಯುವ ಜಾಗ ಹಿಂಡಿನ ಜೊತೆಗೇ ಸಾಗಬೇಕು. ದಿನಕ್ಕೆ ಎರಡು ಸಲ ಹಸುವನ್ನು ದೂರದ ಮನೆಗೆ ನಡೆಸಿದರೆ ತಿಂದದ್ದೆಲ್ಲ ನಡಿಗೆಗೇ ಖರ್ಚಾಗುತ್ತದೆ. ಈಗ ಗಾಲಿಯ ಮೇಲಿನ ಹಾಲು ಕರೆಯುವ ಯಂತ್ರವನ್ನು ಟ್ರ್ಯಾಕ್ಟರಿನಿಂದ ಎಳೆದು ಹುಲ್ಲುಗಾವಲಿಗೇ ಒಯ್ಯುತ್ತಾರೆ. ಹಿಂದಿನವರು ಇದನ್ನು ಇನ್ನೂ ಜಾಣತನದಿಂದ ಮಾಡುತ್ತಿದ್ದರು. ಹುಲ್ಲಿನ ಮೇಲೆ ಸಾಲಾಗಿ ಗೂಟ ಬಡಿದು ಒಂದೊಂದಕ್ಕೂ ಒಂದೊಂದು ಹಸು ಕಟ್ಟಿ ಅಲ್ಲೇ ಕರೆಯುತ್ತಿದ್ದರು, ಆಮೇಲೆ ಗೂಟಗಳನ್ನು ಕಿತ್ತು ಪಕ್ಕದ ಪಟ್ಟಿಗೆ ಹಾಕುತ್ತಿದ್ದರು. ಇದಕ್ಕೆ ಪಾಶೊನೆ ಅನ್ನುತ್ತಾರೆ. ಈ ಕೆಲಸಕ್ಕೇ ಅಂತ ಒಬ್ಬ ಆಳು ಇರುತ್ತಿದ್ದ. ಬೇಸಿಗೆ ಮುಗಿಯುವಷ್ಟರಲ್ಲಿ ಇಡೀ ಇಳಿಜಾರಿಗೆ ಸಗಣಿ ಗಂಜಲ ಸಮನಾಗಿ ಬಿದ್ದಿರುತ್ತಿತ್ತು. ಗಾಡಿಯಲ್ಲಿ ಗೊಬ್ಬರ ಒಯ್ಯಲಾಗದ ಕಡಿದಾದ ಜಾಗಗಳು ಇಷ್ಟು ಶತಮಾನ ಹಸಿರಾಗಿ ಉಳಿದಿರುವುದರಲ್ಲಿ ಆ ಗೂಟಗಳ ಪಾಲು ದೊಡ್ಡದು. ಯಂತ್ರ ಇದ್ದರೂ ಈ ಬುದ್ಧಿಯನ್ನು ಬಿಡಬೇಡಿ. ಯಂತ್ರವನ್ನು ಒಂದೇ ಕಡೆ ವಾರಗಟ್ಟಲೆ ನಿಲ್ಲಿಸಿದರೆ ಸಗಣಿ ಕೂಡಿ ಅಗಲ ಎಲೆಯ ರೂಮೆಕ್ಸ್ ಕಳೆ ಎದ್ದು ನಿಲ್ಲುತ್ತದೆ, ಒಮ್ಮೆ ಬೇರು ಬಿಟ್ಟರೆ ಅದನ್ನು ತೆಗೆಯುವುದು ಬಲು ಕಷ್ಟ.

ಒಂದು ವಿಷದ ಗಿಡವನ್ನು ಗುರುತು ಹಿಡಿಯಲು ಕಲಿಯಿರಿ. ಬಿಳಿ ವೆರಾಟ್ರಮ್ ನೋಡಲು ಹಳದಿ ಜೆನ್ಶನ್ ಗಿಡದ ಹಾಗೇ ಇರುತ್ತದೆ. ಜೆನ್ಶನ್‌ನ ಎಲೆಗಳು ಕಾಂಡದ ಎರಡೂ ಬದಿ ಎದುರುಬದುರಾಗಿ ಜೋಡಿಯಾಗಿರುತ್ತವೆ, ವೆರಾಟ್ರಮ್‌ನವು ಒಂದಾದ ಮೇಲೊಂದು ಬೇರೆ ಬೇರೆ ಎತ್ತರದಲ್ಲಿರುತ್ತವೆ. ದೊಡ್ಡ ಹಸುಗಳು ಸಾಮಾನ್ಯವಾಗಿ ಅದನ್ನು ಬಿಟ್ಟು ಮೇಯುತ್ತವೆ. ಹುಲ್ಲು ಕೊರತೆ ಬಿದ್ದಾಗ ಎಳೆಯವು ಬಾಯಿ ಹಾಕಬಹುದು. ಕೊಯ್ದ ಒಣಹುಲ್ಲಿನೊಳಗೆ ಮಾತ್ರ ಅದು ಸೇರಲೇಬಾರದು.

ನೀರು ದಿನಕ್ಕೆ ಒಂದು ಹಸುವಿಗೆ 60ರಿಂದ 80 ಲೀಟರ್ ಬೇಕು. ಜೌಗು ಜಾಗಕ್ಕೆ ಬೇಲಿ ಹಾಕಿ, ಯಕೃತ್ತಿನ ಹುಳು ಬರುವುದು ಅಲ್ಲಿಂದ. ಉಪ್ಪು ತಪ್ಪದೆ ಕೊಡಿ, ಬೆಟ್ಟದ ಹುಲ್ಲಿನಲ್ಲಿ ಸೋಡಿಯಂ ಸಾಲುವುದಿಲ್ಲ. ಉಪ್ಪಿನ ಚೀಲದ ಸದ್ದು ಕೇಳಿದರೆ ಹಿಂಡು ತಾನಾಗಿ ಓಡಿಬರುತ್ತದೆ, ಮಂಜು ಮುಸುಕಿದ ದಿನ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ನೊಣದಿಂದ ಕಣ್ಣು ಕೆಂಪಾಗಿ ನೀರು ಸುರಿದರೆ ಆ ಹಸುವನ್ನು ಬೇರೆ ಮಾಡಿ ಔಷಧಿ ಹಾಕಿ, ಇಲ್ಲದಿದ್ದರೆ ಎಲ್ಲಕ್ಕೂ ಹರಡುತ್ತದೆ. ಸಿಡಿಲಿನ ಮುನ್ಸೂಚನೆ ಇದ್ದರೆ ಹಿಂಡನ್ನು ಬೆಟ್ಟದ ನೆತ್ತಿಯಲ್ಲಿ, ಒಂಟಿ ಮರದ ಕೆಳಗೆ ಬಿಡಬೇಡಿ. ಆಗಸ್ಟ್‌ನಲ್ಲೂ ಹಿಮ ಬೀಳಬಹುದು, ಒಂದೆರಡು ದಿನಕ್ಕಾಗುವಷ್ಟು ಒಣಹುಲ್ಲು ಮೇಲೆ ಇರಲಿ. ತೋಳಗಳು 1992ರಲ್ಲಿ ಫ್ರಾನ್ಸಿಗೆ ಮರಳಿ ಬಂದ ಮೇಲೆ ಈ ಬೆಟ್ಟಗಳಿಗೂ ಹರಡಿವೆ. ಕುರಿಗಳಿಗೇ ಅಪಾಯ ಜಾಸ್ತಿಯಾದರೂ ಎಳೆಗರುಗಳನ್ನು ಬೇಲಿಯಿಲ್ಲದೆ ರಾತ್ರಿ ಹೊರಗೆ ಬಿಡುವುದು ಬೇಡ.

ಜೂನ್‌ನಿಂದ ಅಕ್ಟೋಬರ್ ತನಕದ ಹಾಲಿನದು ಬೇಸಿಗೆ ಬೋಫೋರ್. 1500 ಮೀಟರಿಗಿಂತ ಮೇಲೆ, ಒಂದೇ ಹಿಂಡಿನ ಹಾಲಿನಿಂದ, ದಿನಕ್ಕೆ ಎರಡು ಸಲ ಅಲ್ಲೇ ಮಾಡಿದ್ದಕ್ಕೆ ಬೇರೆಯೇ ಹೆಸರು, ಬೇರೆಯೇ ಬೆಲೆ. ಹೊಸಬರು ಮೊದಲ ವರ್ಷಗಳಲ್ಲಿ ಅದಕ್ಕೆ ಕೈಹಾಕಬೇಡಿ. ಹಾಲನ್ನು ಸಹಕಾರಿ ಸಂಘಕ್ಕೆ ಕೊಡಿ. ಹಿಂಡು ನಡೆಸುವುದು ಮತ್ತು ಚೀಸ್ ಮಾಡುವುದು ಎರಡು ಬೇರೆ ಬೇರೆ ಪೂರ್ತಿ ದಿನದ ಕೆಲಸ. ಎಲ್ಲಿ ಕೊಟ್ಟರೂ ಇದು ಹಸಿ ಹಾಲಿನ ಚೀಸ್ ಅನ್ನುವುದು ನೆನಪಿರಲಿ. ಮೊಲೆ ಒರೆಸಿ ಶುಚಿ ಮಾಡಿ, ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ಕರೆದು ನೋಡಿ, ಸಂಶಯ ಬಂದ ಹಸುವಿನ ಹಾಲನ್ನು ತೊಟ್ಟಿಗೆ ಹಾಕಬೇಡಿ.

ಮಾಂಸದ ಕಡೆ

ತಾರೀನ್ ಎರಡು ಉಪಯೋಗದ ತಳಿ. 1970ರ ದಶಕದಲ್ಲಿ ಕೆನಡಾ, ಅಮೆರಿಕಕ್ಕೆ ಹೋದ ತಾರೀನ್‌ಗಳನ್ನು ಅಲ್ಲಿ ಮಾಂಸಕ್ಕಾಗಿಯೇ ಬೆಳೆಸಿದರು. ಸವೋಯ್‌ನಲ್ಲಿ ಹಾಲು ಮುಂದೆ, ಮಾಂಸ ಅದರ ಜೊತೆಗಿನ ಆದಾಯ. ಆದರೆ ಆ ಆದಾಯವನ್ನು ಹಗುರವಾಗಿ ನೋಡುವುದು ಸರಿಯಲ್ಲ.

ಹಿಂಡನ್ನು ಎರಡು ಪಾಲು ಮಾಡಿ. ಕಾಲು, ಕೆಚ್ಚಲು, ಗುಣ ಮೂರೂ ಚೆನ್ನಾಗಿರುವ ಹಸುಗಳಿಗೆ ತಾರೀನ್ ಹೋರಿಯ ವೀರ್ಯವನ್ನೇ ಹಾಕಿಸಿ, ನಾಳೆಯ ಹಿಂಡಿನ ಕಡಸುಗಳು ಅವುಗಳಿಂದ ಬರಬೇಕು. ಉಳಿದವಕ್ಕೆ ಶಾರೋಲೆಯಂಥ ಮಾಂಸದ ತಳಿ ಹಾಕಿಸಬಹುದು. ಆ ಮಿಶ್ರ ಕರುಗಳಿಗೆ ಶುದ್ಧ ತಾರೀನ್ ಗಂಡುಕರುವಿಗಿಂತ ಒಳ್ಳೆಯ ಬೆಲೆ ಬರುತ್ತದೆ. ಹೋರಿ ಆರಿಸುವಾಗ ಕರು ಸುಲಭವಾಗಿ ಹೊರಬರುತ್ತದೆಯಾ ಅನ್ನುವ ಅಂಕವನ್ನು ಮೊದಲು ನೋಡಿ. ಚೊಚ್ಚಲು ಕಡಸಿಗೆ ಮಾತ್ರ ಭಾರೀ ತಳಿ ಬೇಡವೇ ಬೇಡ.

ಹಿಂಡಿನಿಂದ ತೆಗೆಯುವ ಹಸುವನ್ನು ಹಾಲು ಬತ್ತಿದ ಕೂಡಲೇ ತೆಳ್ಳಗಿರುವಾಗಲೇ ಮಾರಬೇಡಿ. ಎರಡು ಮೂರು ತಿಂಗಳು ಚೆನ್ನಾಗಿ ಮೇಯಿಸಿ ಮೈ ತುಂಬಿಸಿ. ಬೆಟ್ಟದ ಹುಲ್ಲು ತಿಂದು ಬೆಳೆದ ಹಸುವಿನ ಮಾಂಸ ನವಿರಾಗಿ, ರುಚಿಯಾಗಿರುತ್ತದೆ. ಹತ್ತಿರದ ಕಟುಕರಿಗೆ ನೇರವಾಗಿ ಕೊಟ್ಟರೆ ಅದಕ್ಕೆ ತಕ್ಕ ಬೆಲೆಯೂ ಸಿಗುತ್ತದೆ.

ಇಳಿದು ಬಂದ ಮೇಲೆ

ಹಾಲು ಬತ್ತಿಸಲು ಎರಡು ತಿಂಗಳು ಇಟ್ಟುಕೊಳ್ಳಿ. ಹಿಂಡಿ ತಿನ್ನಿಸುವುದನ್ನು ನಿಲ್ಲಿಸಿ, ಒರಟು ಒಣಹುಲ್ಲಿಗೆ ಬದಲಾಯಿಸಿ, ಹಾಲು ಇಳಿದ ಮೇಲೆ ಒಂದು ದಿನ ನಿಗದಿ ಮಾಡಿ ಪೂರ್ತಿ ನಿಲ್ಲಿಸಿ. ಕೆಚ್ಚಲು ಬಾವಿನ ಇತಿಹಾಸ ಇರುವ ಹಸುಗಳಿಗೆ ಏನು ಔಷಧಿ ಅಂತ ಪಶುವೈದ್ಯರೇ ಹೇಳಲಿ, ಎಲ್ಲಕ್ಕೂ ಒಟ್ಟಿಗೆ ಆ್ಯಂಟಿಬಯಾಟಿಕ್ ಹಾಕುವುದು ಬೇಡ.

ಅಕ್ಟೋಬರ್‌ನಲ್ಲಿ ಕಣಜದ ಒಣಹುಲ್ಲನ್ನು ಅಳೆದು, ಹಸುವಿಗೆ ಮೂರು ಟನ್ನಿನಂತೆ ಭಾಗಿಸಿ. ಎಷ್ಟು ತಲೆಗೆ ಸಾಲುತ್ತದೋ ಅಷ್ಟನ್ನೇ ಒಳಗೆ ಕಟ್ಟಿ. ಗಬ್ಬ ನಿಲ್ಲದವು, ಕುಂಟುವವು, ಬೇಸಿಗೆಯಿಡೀ ಕೆಚ್ಚಲು ಬಾವಿನಲ್ಲಿ ನರಳಿದವು ಯಾವುವು ಅಂತ ಆಗ ಪುಸ್ತಕ ತೆಗೆದು ನೋಡಿ. ಮೈ ತುಂಬಿಸಿ ಮಾರುವ ಎರಡು ಮೂರು ಹಸುಗಳಿಗೆ ಬೇಕಾದ ಮೇವನ್ನು ಮೊದಲೇ ಬೇರೆ ತೆಗೆದಿಡಿ. ತೆಗೆಯಬೇಕಾದವುಗಳಲ್ಲಿ ಉಳಿದವನ್ನು ಹಿಮ ಬೀಳುವ ಮುಂಚೆ ಮಾರಿಬಿಡಿ, ಕರು ಹಾಕುವ ಹಸುಗಳ ಪಾಲಿನ ಎರಡನೇ ಕೊಯ್ಲಿನ ಹುಲ್ಲಿಗೆ ಅವು ಬಾಯಿ ಹಾಕಬಾರದು.